ಪೆನ್‌ಡ್ರೈವ್ ಕೇಳುವವರು ಒಂದು ಸಾಲು ಜಾಸ್ತಿ ಬರೆಯಲಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಪುಟದಲ್ಲಿ ಮಧುಗಿರಿ ಕಡೆಯವರೊಬ್ಬರು ಪೆನ್‌ಡ್ರೈವ್ ಕಂಪನಿಗಳನ್ನು ಚೆನ್ನಾಗಿ ಝಾಡಿಸಿದ್ದರು. 64 ಜಿಬಿ ಅಂತ ದುಡ್ಡು ತಗೊಂಡು 59 ಕೊಡುತ್ತಾರೆ, ಮುಕ್ಕಾಲು ಪಾಲು ಖಾಲಿ ಇದ್ದರೂ ಮಗಳ ಮದುವೆ ವಿಡಿಯೊ ಹಿಡಿಯಲ್ಲ, ಹೊಸದಾಗಿ ತಂದ ಹಾರ್ಡ್ ಡಿಸ್ಕ್ ಅಳಿಯನ ಆ್ಯಪಲ್ ಲ್ಯಾಪ್‌ಟಾಪಿನಲ್ಲಿ ತೆರೆಯುತ್ತೆ, ಆದರೆ ಒಂದು ಫೋಟೊ ಹಾಕಲೂ ಬಿಡಲ್ಲ. ಎಲ್ಲ ಮೋಸ ಅಂತ ಅವರ ತೀರ್ಮಾನ. ಅವರ ಸಿಟ್ಟು ನನಗೆ ಅರ್ಥವಾಗುತ್ತೆ. ಆದರೆ ಅವರು ಹೇಳಿದ ಮೂರರಲ್ಲಿ ಒಂದೂ ಮೋಸ ಅಲ್ಲ. ಮೂರಕ್ಕೂ ಬೇರೆ ಬೇರೆ ಕಾರಣ ಇದೆ. ಕೊಳ್ಳುವಾಗ ಅದನ್ನು ಯಾರೂ ಹೇಳಲ್ಲ ಅನ್ನೋದೇ ನನ್ನ ತಕರಾರು.

ನಾನು ಗುಬ್ಬಿಯಲ್ಲಿ ಒಂದು ಸಣ್ಣ ಸ್ಟುಡಿಯೊ ನಡೆಸುತ್ತೇನೆ. ಮದುವೆ, ನಾಮಕರಣ, ಗೃಹಪ್ರವೇಶ ಇದ್ದದ್ದೇ. ಆದರೆ ವೀರಣ್ಣನವರ ಊರಲ್ಲಿ ಇದ್ದುಕೊಂಡು ನಾಟಕ ಬಿಟ್ಟು ಬದುಕೋಕಾಗುತ್ತಾ? ಜಾತ್ರೆಗಳು ಶುರುವಾದವು ಅಂದರೆ ಗುಬ್ಬಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಹಳ್ಳಿಹಳ್ಳಿಯಲ್ಲೂ ಪೌರಾಣಿಕ ನಾಟಕ. ರಾತ್ರಿ ಒಂಬತ್ತಕ್ಕೆ ಅಂತ ಕರಪತ್ರದಲ್ಲಿ ಹಾಕಿರುತ್ತಾರೆ. ಶುರುವಾಗೋದು ಹತ್ತೂವರೆಗೆ, ಮುಗಿಯೋದು ಬೆಳಗಿನ ಜಾವಕ್ಕೆ. ಪಾತ್ರಧಾರಿಗಳೆಲ್ಲ ಊರವರೇ. ತೋಟ ಮಾಡೋರು, ಬಸ್ ಕಂಡಕ್ಟರು, ಕೊಬ್ಬರಿ ವ್ಯಾಪಾರದವರು. ಪಾತ್ರಕ್ಕೆ ತಾವೇ ದುಡ್ಡು ಹಾಕಿ, ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಕಂದಪದ್ಯ ಕಲಿತಿರುತ್ತಾರೆ. ಹಾಗಾಗಿ ಒಬ್ಬೊಬ್ಬರಿಗೂ ವಿಡಿಯೊ ಬೇಕೇ ಬೇಕು. ಮೊದಲು ಡಿವಿಡಿ ಕೊಡುತ್ತಿದ್ದೆವು. ಈಗಿನ ಲ್ಯಾಪ್‌ಟಾಪುಗಳಲ್ಲಿ ಡಿವಿಡಿ ಹಾಕುವ ಜಾಗವೇ ಇಲ್ಲ. ಎಲ್ಲರೂ ಪೆನ್‌ಡ್ರೈವ್ ಹಿಡಿದುಕೊಂಡು ಬರುತ್ತಾರೆ. ಯಾರ ಡ್ರೈವ್ ಎಲ್ಲಿ ಮುನಿಸಿಕೊಳ್ಳುತ್ತೆ ಅನ್ನೋದು ನನಗೆ ದಿನ ಬೆಳಗಾದರೆ ಎದುರಾಗುವ ವಿಷಯ.

ಮೊದಲು 59 ಜಿಬಿ ಲೆಕ್ಕ ಮುಗಿಸಿಬಿಡೋಣ. ಪ್ಯಾಕೆಟ್ ಮೇಲೆ ಬರೆಯುವ ಕಂಪನಿಗೆ ಒಂದು ಜಿಬಿ ಅಂದರೆ ನೂರು ಕೋಟಿ ಬೈಟ್ (ಬೈಟ್ ಅಂದರೆ ಫೈಲ್ ಅಳೆಯುವ ಸಣ್ಣ ಅಳತೆ). ವಿಂಡೋಸ್ 1024ರ ಮಗ್ಗಿಯಲ್ಲಿ ಲೆಕ್ಕ ಹಾಕುತ್ತೆ. ಅದಕ್ಕೆ ಒಂದು ಜಿಬಿ ಅಂದರೆ 107 ಕೋಟಿ 37 ಲಕ್ಷ 41 ಸಾವಿರದ 824 ಬೈಟ್. 6400 ಕೋಟಿಯನ್ನು ಇದರಿಂದ ಭಾಗಿಸಿ ನೋಡಿ, 59.6 ಬರುತ್ತೆ. ಅದೇ ಡ್ರೈವನ್ನು ಅಳಿಯನ ಮ್ಯಾಕ್‌ಗೆ ಹಾಕಿದರೆ 64ರ ಆಸುಪಾಸು ತೋರಿಸುತ್ತೆ, ಯಾಕಂದರೆ ಮ್ಯಾಕ್ 2009ರಿಂದ ಪ್ಯಾಕೆಟ್ಟಿನ ಲೆಕ್ಕವನ್ನೇ ಹಿಡಿದಿದೆ. ಬೈಟು ಅಷ್ಟೇ ಇದೆ, ಎಣಿಸುವ ರೀತಿ ಬೇರೆ. ನಿಜವಾದ ಮೋಸ ಬೇರೆ ಇದೆ. ಐನೂರು ರೂಪಾಯಿಗೆ 2 ಟಿಬಿ ಪೆನ್‌ಡ್ರೈವ್ ಅಂತ ಮಾರುತ್ತಾರಲ್ಲ, ಅದು. ಒಳಗಿರುವ ಚಿಪ್ಪು ಸಣ್ಣದು. ಕಂಪ್ಯೂಟರಿಗೆ 2 ಟಿಬಿ ಅಂತ ಸುಳ್ಳು ಹೇಳುವ ಹಾಗೆ ಮಾಡಿರುತ್ತಾರೆ. ತುಂಬಿದ ಮೇಲೂ ಬರೆದ ಹಾಗೆ ನಟಿಸುತ್ತೆ, ಒಳಗೆ ಹಳೇ ಫೈಲ್ ಹಾಳಾಗಿರುತ್ತೆ. ವಿಂಡೋಸ್‌ಗೆ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್‌ಗೆ (ವಿಂಡೋಸ್ ಥರವೇ ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆ) ಎಫ್3 ಅಂತ ಪುಕ್ಕಟೆ ಪ್ರೋಗ್ರಾಂ ಇವೆ. ಡ್ರೈವನ್ನು ಪೂರ್ತಿ ತುಂಬಿಸಿ ವಾಪಸ್ ಓದಿ ನಿಜ ಹೇಳುತ್ತವೆ. ಅಗ್ಗದ ಡ್ರೈವ್ ಕೊಂಡವರು ಮೊದಲ ದಿನವೇ ಓಡಿಸಿ ನೋಡಿ.

ಇನ್ನು ಮದುವೆ ವಿಡಿಯೊ ಹಿಡಿಯದ ಕಥೆ. ಇದು ನಮ್ಮ ಸ್ಟುಡಿಯೊದಲ್ಲಿ ನಾಟಕದವರಿಗೆ ಆಗುವಷ್ಟು ಇನ್ಯಾರಿಗೂ ಆಗಲ್ಲ. ಹೋದ ಸೀಸನ್ನಿನಲ್ಲಿ ದುರ್ಯೋಧನನ ಪಾತ್ರ ಮಾಡಿದ್ದವರು ಹೊಸ ಪೆನ್‌ಡ್ರೈವ್ ತಂದು ಟೇಬಲ್ ಮೇಲಿಟ್ಟರು. ಅವರ ಪ್ರವೇಶದಿಂದ ತೊಡೆ ಮುರಿಯುವವರೆಗೂ ಒಂದೇ ಫೈಲಿನಲ್ಲಿ ಬೇಕು, ತುಂಡು ತುಂಡು ಬೇಡ ಅಂತ ಹಟ. ಕಾಪಿ ಹಾಕಿದೆ. ಫೈಲ್ ಈ ಡ್ರೈವಿಗೆ ತುಂಬಾ ದೊಡ್ಡದಾಯಿತು ಅಂತ ವಿಂಡೋಸ್ ಹೇಳಿತು. ಅವರು ಸ್ಕ್ರೀನ್ ನೋಡಿದರು. ಡ್ರೈವಿನಲ್ಲಿ ಖಾಲಿ ಜಾಗ 50 ಜಿಬಿಗಿಂತ ಜಾಸ್ತಿ, ಫೈಲ್ ಹತ್ತು ಜಿಬಿಯೂ ಇಲ್ಲ. "ಏನ್ರೀ ಇದು, ಅರಮನೆ ಕೊಟ್ಟು ಕಾಲು ಚಾಚಬೇಡ ಅಂತೀರಾ?" ಅಂದರು. ಪಾತ್ರದಿಂದ ಇನ್ನೂ ಹೊರಗೆ ಬಂದಿರಲಿಲ್ಲ ಅಂತ ಕಾಣುತ್ತೆ.

ಕಾರಣ ಏನಂದರೆ ಆ ಡ್ರೈವ್ ಫ್ಯಾಟ್32 ಅನ್ನೋ ಫಾರ್ಮ್ಯಾಟಿನಲ್ಲಿತ್ತು. ಇದು 1996ರ ಸುಮಾರಿಗೆ ವಿಂಡೋಸ್ 95ರ ಜೊತೆ ಬಂದದ್ದು. ಒಂದು ಫೈಲ್ ಎಷ್ಟು ದೊಡ್ಡದು ಅಂತ ಬರೆದಿಡಲು ಅದರಲ್ಲಿ 32 ಬಿಟ್‌ಗಳ ಜಾಗ ಮಾತ್ರ ಇದೆ. ಅದರಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 429 ಕೋಟಿ 49 ಲಕ್ಷ 67 ಸಾವಿರದ 295. ಅಷ್ಟು ಬೈಟ್ ಅಂದರೆ 4 ಜಿಬಿ. ಡ್ರೈವ್ ಎಷ್ಟೇ ದೊಡ್ಡದಿರಲಿ, ಒಂದೊಂದು ಫೈಲ್ ಆ ಗೆರೆ ದಾಟುವಂತಿಲ್ಲ. 1996ರಲ್ಲಿ ಇಷ್ಟು ದೊಡ್ಡ ಫೈಲನ್ನು ಯಾರು ನೆನೆಸಿದ್ದರು? ನಾನು ವಿಡಿಯೊ ಕೊಡುವುದು ಸೆಕೆಂಡಿಗೆ 8 ಮೆಗಾಬಿಟ್, ಅಂದರೆ 1 ಮೆಗಾಬೈಟ್ ಲೆಕ್ಕದಲ್ಲಿ. ಅದರಲ್ಲಿ ಒಂದು ಗಂಟೆಗೆ 3.6 ಜಿಬಿ ಆಗುತ್ತೆ. ಪಗಡೆಯಾಟ ಮುಗಿಯುವ ಹೊತ್ತಿಗೆ ಫ್ಯಾಟ್32ರ ಕಥೆಯೂ ಮುಗಿದಿರುತ್ತೆ. ಅದೇ ಡ್ರೈವನ್ನು ಎಕ್ಸ್‌ಫ್ಯಾಟ್ ಅನ್ನೋ ಇನ್ನೊಂದು ಫಾರ್ಮ್ಯಾಟಿಗೆ ಬದಲಿಸಿದೆ, ದುರ್ಯೋಧನ ಒಂದೇ ಫೈಲಿನಲ್ಲಿ ಕೂತ.

ಈ ಫಾರ್ಮ್ಯಾಟ್ ಅಂದರೇನು ಅಂತ ಬಂದವರೆಲ್ಲ ಕೇಳುತ್ತಾರೆ. ನಾನು ತಿಪಟೂರಿನ ಕೊಬ್ಬರಿ ಗೋದಾಮಿನ ಉದಾಹರಣೆ ಕೊಡುತ್ತೇನೆ. ಗೋದಾಮಿನಲ್ಲಿ ಯಾರ ಮೂಟೆ ಎಲ್ಲಿದೆ ಅಂತ ಬಾಗಿಲ ಹತ್ತಿರ ಒಂದು ಲೆಕ್ಕದ ಪುಸ್ತಕ ಇರುತ್ತೆ. ಒಬ್ಬ ಗುಮಾಸ್ತ ಅದನ್ನು ಕನ್ನಡದಲ್ಲಿ ಬರೆದ, ಇನ್ನೊಬ್ಬ ಉರ್ದುವಿನಲ್ಲಿ ಬರೆದ ಅಂದುಕೊಳ್ಳಿ. ಉರ್ದು ಓದಲು ಬಾರದ ಹೊಸ ಗುಮಾಸ್ತ ಬಂದ. ಪುಸ್ತಕ ತೆರೆದ, ಏನೂ ತಿಳಿಯಲಿಲ್ಲ. ಇದನ್ನು ಹರಿದು ಹೊಸ ಪುಸ್ತಕ ಹಾಕಲಾ ಅಂತ ಯಜಮಾನನನ್ನು ಕೇಳಿದ. ವಿಂಡೋಸ್ ಕೇಳುವುದೂ ಅದನ್ನೇ. ಈ ಡಿಸ್ಕ್ ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲಾ ಅಂತ. ಅದಕ್ಕೆ ಹೂಂ ಅಂದರೆ ಮೂಟೆಗಳು ಇದ್ದಲ್ಲೇ ಇರುತ್ತವೆ, ಪುಸ್ತಕ ಮಾತ್ರ ಹೋಗುತ್ತೆ. ಆಮೇಲೆ ಯಾವ ಮೂಟೆ ಯಾರದು ಅಂತ ಹುಡುಕುವುದು ದೊಡ್ಡ ಕೆಲಸ. ಫೋಟೊರೆಕ್ ಅನ್ನೋ ಪುಕ್ಕಟೆ ಪ್ರೋಗ್ರಾಂ ಹುಡುಕಿ ಕೊಡುತ್ತೆ, ಆದರೆ ಹಳೇ ಹೆಸರಾಗಲಿ ಫೋಲ್ಡರಾಗಲಿ ವಾಪಸ್ ಬರಲ್ಲ. ತುಂಡುತುಂಡಾಗಿ ಕೂತಿದ್ದ ದೊಡ್ಡ ವಿಡಿಯೊ ಸರಿಯಾಗಿ ಸಿಗುವುದೂ ಕಷ್ಟ. ಹೊಸದಾಗಿ ಏನಾದರೂ ಕಾಪಿ ಮಾಡಿಬಿಟ್ಟರಂತೂ ಅಷ್ಟು ಭಾಗದ ಆಸೆ ಬಿಡಬೇಕು.

ಹಾಗಾಗಿ ನನ್ನ ಗಿರಾಕಿಗಳಿಗೆಲ್ಲ ಒಂದೇ ಮಾತು. ಆ ಪ್ರಶ್ನೆ ಬಂದರೆ ಕ್ಯಾನ್ಸಲ್ ಒತ್ತಿ. ಮ್ಯಾಕ್‌ನಲ್ಲಾದರೆ ಇನಿಶಿಯಲೈಸ್ ಅಂತ ಕೇಳುತ್ತೆ, ಅದೂ ಅದೇ ಗುಮಾಸ್ತ. ಎಜೆಕ್ಟ್ ಒತ್ತಿ. ಡ್ರೈವ್ ತೆಗೆದು, ಅದರಲ್ಲಿ ಫೈಲ್ ಹಾಕಿದವರು ಯಾವ ಕಂಪ್ಯೂಟರಿನಲ್ಲಿ ಹಾಕಿದ್ದರು ಅಂತ ಕೇಳಿ.

ಯಾವ ಕಂಪ್ಯೂಟರ್ ಯಾವ ಪುಸ್ತಕ ಓದುತ್ತೆ ಅನ್ನೋದನ್ನು ಚುಟುಕಾಗಿ ಹೇಳುತ್ತೇನೆ. ವಿಂಡೋಸ್‌ನ ಸ್ವಂತದ್ದು ಎನ್‌ಟಿಎಫ್‌ಎಸ್, 1993ರದ್ದು. ಅಂಗಡಿಯಲ್ಲಿ ಸಿಗುವ ಹಾರ್ಡ್ ಡಿಸ್ಕ್‌ಗಳಲ್ಲಿ ಸಾಕಷ್ಟು ಇದರಲ್ಲೇ ಬರುತ್ತವೆ. ಮ್ಯಾಕ್ ಇದನ್ನು ಓದುತ್ತೆ, ಬರೆಯಲ್ಲ. ಮಧುಗಿರಿಯವರ ಅಳಿಯನಿಗೆ ಆಗಿದ್ದು ಇದೇ, ಡಿಸ್ಕ್ ಕೆಟ್ಟಿಲ್ಲ. ಲಿನಕ್ಸ್ ಎರಡೂ ಮಾಡುತ್ತೆ. ಮ್ಯಾಕ್‌ನ ಸ್ವಂತದ್ದು 2017ರಿಂದ ಈಚೆಗೆ ಎಪಿಎಫ್‌ಎಸ್, ಅದಕ್ಕೂ ಮೊದಲು ಎಚ್‌ಎಫ್‌ಎಸ್ ಪ್ಲಸ್. ಲಿನಕ್ಸ್‌ನಲ್ಲಿ ಹೆಚ್ಚಾಗಿ ಬಳಸೋದು ಇಎಕ್ಸ್‌ಟಿ4. ಈ ಮೂರನ್ನೂ ವಿಂಡೋಸ್ ತಾನಾಗಿ ಓದಲ್ಲ, ಬೇರೆ ಸಾಫ್ಟ್‌ವೇರ್ ಹಾಕಬೇಕು. ಕೆಲವು ಸಲ ಫಾರ್ಮ್ಯಾಟ್ ಮಾಡಲಾ ಅನ್ನುತ್ತೆ, ಕೆಲವು ಸಲ ಡ್ರೈವ್ ಹಾಕಿದ್ದೇ ಕಾಣದ ಹಾಗೆ ಸುಮ್ನೆ ಇರುತ್ತೆ.

ಮೂರೂ ಕಡೆ ಓದಿ ಬರೆಯಲು ಆಗೋದು ಎಕ್ಸ್‌ಫ್ಯಾಟ್. ಮೈಕ್ರೋಸಾಫ್ಟ್ ಇದನ್ನು 2006ರಲ್ಲಿ ತಂದಿತು. ಮ್ಯಾಕ್‌ಗೆ 2010ರ ಕೊನೆಗೆ ಬಂತು. ಕ್ಯಾಮೆರಾದವರಿಗೆ ಇದು ಪರಿಚಯ ಇರುತ್ತೆ, 32 ಜಿಬಿಗಿಂತ ದೊಡ್ಡ ಎಸ್‌ಡಿ ಕಾರ್ಡ್‌ಗಳೆಲ್ಲ ಇದರಲ್ಲೇ ಬರುತ್ತವೆ. ಲಿನಕ್ಸ್‌ಗೆ ಮಾತ್ರ ತಡವಾಯಿತು. ಪೇಟೆಂಟ್ ಮೈಕ್ರೋಸಾಫ್ಟ್ ಕೈಯಲ್ಲಿತ್ತು. 2019ರ ಆಗಸ್ಟ್‌ನಲ್ಲಿ ಅವರು ಅದರ ಒಳಗಿನ ವಿವರವನ್ನೆಲ್ಲ ಬಹಿರಂಗ ಮಾಡಿ, ಲಿನಕ್ಸ್‌ಗೆ ಸೇರಿಸಿಕೊಳ್ಳಿ ಅಂದರು. ಆ ವರ್ಷದ ಕೊನೆಗೆ ಬಂದ 5.4 ಕರ್ನಲ್‌ನಲ್ಲಿ, ಅಂದರೆ ಲಿನಕ್ಸ್‌ನ ತಿರುಳಿನಲ್ಲಿ, ಮೊದಲ ಸಲ ಸೇರಿತು, ಮುಂದಿನ ವರ್ಷ 5.7ರಲ್ಲಿ ಸ್ಯಾಮ್‌ಸಂಗ್ ಬರೆದ, ಎಕ್ಸ್‌ಫ್ಯಾಟ್ ಓದಿಸಿ ಬರೆಸುವ ಒಳ್ಳೆ ಡ್ರೈವರ್ ಬಂತು. ಅದಕ್ಕೇ ಲಿನಕ್ಸ್‌ನದೇ ಒಂದು ರೂಪವಾದ ಉಬುಂಟು ಹಳೇದಿರುವ ಕಡೆ ಇವತ್ತಿಗೂ ಎಕ್ಸ್‌ಫ್ಯಾಟ್ ಡ್ರೈವ್ ತೆರೆಯಲ್ಲ ಅಂತ ದೂರು ಬರುತ್ತೆ. ಅಲ್ಲಿ ಒಂದು ಚಿಕ್ಕ ಪ್ಯಾಕೇಜ್ ಹಾಕಿಕೊಂಡರೆ ಸರಿಹೋಗುತ್ತೆ.

ಎಕ್ಸ್‌ಫ್ಯಾಟ್‌ಗೆ ಒಂದು ದೌರ್ಬಲ್ಯ ಇದೆ, ಅದನ್ನು ಮುಚ್ಚಿಡಬಾರದು. ಎನ್‌ಟಿಎಫ್‌ಎಸ್, ಇಎಕ್ಸ್‌ಟಿ4 ಎಲ್ಲ ಏನು ಬದಲಾವಣೆ ಮಾಡಲು ಹೊರಟಿದ್ದೇವೆ ಅಂತ ಮೊದಲೇ ಒಂದು ಕಡೆ ಬರೆದಿಟ್ಟುಕೊಳ್ಳುತ್ತವೆ. ನಡುವೆ ಕರೆಂಟ್ ಹೋದರೂ ಅದನ್ನು ನೋಡಿ ಸರಿಮಾಡಿಕೊಳ್ಳುತ್ತವೆ. ಎಕ್ಸ್‌ಫ್ಯಾಟ್‌ಗೆ ಆ ಅಭ್ಯಾಸ ಇಲ್ಲ. ಬರೆಯುವ ಹೊತ್ತಿನಲ್ಲಿ ಕಿತ್ತರೆ ಕೆಡುವ ಸಾಧ್ಯತೆ ಜಾಸ್ತಿ. ಹಾಗಾಗಿ ಊರೂರು ತಿರುಗುವ ಡ್ರೈವಿಗೆ ಎಕ್ಸ್‌ಫ್ಯಾಟ್ ಇರಲಿ, ಮನೆಯಲ್ಲಿ ಜೋಪಾನ ಮಾಡುವ ಮೂಲ ಪ್ರತಿಗೆ ನಿಮ್ಮ ಕಂಪ್ಯೂಟರಿನ ಸ್ವಂತ ಫಾರ್ಮ್ಯಾಟ್ ಇರಲಿ. ನಾನು ಮಾಡೋದು ಹಾಗೇ.

ಕೀಳುವ ವಿಷಯ ಬಂತಲ್ಲ, ಅದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ನಮ್ಮ ಕಡೆಯ ಒಂದು ಹೈಸ್ಕೂಲಿನ ಲ್ಯಾಬಿನಲ್ಲಿ ಉಬುಂಟು ಇದೆ. ಅಲ್ಲಿನ ಮೇಷ್ಟ್ರೊಬ್ಬರು ವಾರ್ಷಿಕೋತ್ಸವದ ವಿಡಿಯೊವನ್ನು ಲ್ಯಾಬಿನಿಂದ ಪೆನ್‌ಡ್ರೈವಿಗೆ ಹಾಕಿ ಮನೆಗೆ ಒಯ್ದಿದ್ದರು. ಟಿವಿಗೆ ಹಾಕಿದರೆ ಪ್ರಾರ್ಥನೆ, ಸ್ವಾಗತ, ಒಂದು ಭಾಷಣ ಬಂತು. ಮಕ್ಕಳ ಡ್ಯಾನ್ಸ್ ಶುರುವಾಗುವ ಹೊತ್ತಿಗೆ ನಿಂತುಹೋಯಿತು. ಡ್ರೈವ್ ಕೆಟ್ಟಿದೆ ಅಂತ ನನ್ನ ಹತ್ತಿರ ತಂದರು. ನಾನು ಲ್ಯಾಬಿಗೇ ಹೋಗಿ, ಅವರು ಹೇಗೆ ಕಾಪಿ ಮಾಡುತ್ತಾರೆ ನೋಡಿದೆ. ಫೈಲ್ ಎಳೆದು ಹಾಕಿದರು. ಕಾಪಿ ಎಷ್ಟಾಯಿತು ಅಂತ ಸ್ಕ್ರೀನ್ ಮೇಲೆ ತೋರಿಸುವ ಪಟ್ಟಿ ಸರಸರ ಓಡಿ ಕ್ಷಣದಲ್ಲಿ ತುಂಬಿತು. ಆಯಿತು ಅಂತ ಅವರ ಕೈ ಪೆನ್‌ಡ್ರೈವ್ ಹತ್ತಿರ ಹೋಯಿತು. ಆದರೆ ಡ್ರೈವಿನ ಕೆಂಪು ದೀಪ ಮಿಣಕ್ ಮಿಣಕ್ ಅಂತಾನೇ ಇತ್ತು. ಲಿನಕ್ಸ್ ಮೊದಲು ಫೈಲನ್ನು ಕಂಪ್ಯೂಟರಿನ ಮೆಮೊರಿಗೆ ತಗೊಂಡು, ನಿಧಾನವಾಗಿ ಹಿಂದಿನಿಂದ ಡ್ರೈವಿಗೆ ಬರೆಯುತ್ತೆ. ಪಟ್ಟಿ ತುಂಬಿದ್ದು ಮೆಮೊರಿಯ ಲೆಕ್ಕ, ಡ್ರೈವಿನ ಲೆಕ್ಕ ಅಲ್ಲ. ಎಜೆಕ್ಟ್ ಒತ್ತಿದಾಗ, ಇನ್ನೂ ಬರೆಯುತ್ತಿದ್ದೇನೆ ಕೀಳಬೇಡಿ ಅಂತ ಅದೇ ಹೇಳಿತು. ಡ್ರೈವ್ ನಿಧಾನದ್ದು, ಅಷ್ಟರಲ್ಲಿ ನಾವು ಒಂದೊಂದು ಲೋಟ ಟೀ ಕುಡಿದು ಬಂದೆವು. ಈಗ ತೆಗೆಯಬಹುದು ಅಂತ ಬಂದಿತ್ತು. ಡ್ಯಾನ್ಸು ಪೂರ್ತಿ ಸಿಕ್ಕಿತು.

ವಿಂಡೋಸ್‌ನಲ್ಲಿ ಎಜೆಕ್ಟ್ ಬೇಕಾಗಿಲ್ಲ ಅಂತ ಕೆಲವರು ವಾದ ಮಾಡುತ್ತಾರೆ. ಅದರಲ್ಲಿ ಅರ್ಧ ನಿಜ ಇದೆ. ವಿಂಡೋಸ್ 10ರಲ್ಲಿ 2018ರ ಕೊನೆಯ ಅಪ್‌ಡೇಟ್ ಆದಮೇಲೆ, ಹೊರಗಿನಿಂದ ಹಾಕಿದ ಡ್ರೈವಿಗೆ ಆಗಿಂದಾಗಲೇ ಬರೆಯುವ ವ್ಯವಸ್ಥೆ ತಾನಾಗೇ ಇರುತ್ತೆ. ಆದರೆ ಏನೂ ಬರೆಯುತ್ತಿಲ್ಲ ಅಂತ ನಿಮಗೆ ಗೊತ್ತಿದ್ದರೆ ಮಾತ್ರ ಆ ಮಾತು. ಅದೇ ಕೈ ಮ್ಯಾಕ್‌ಗೂ ಉಬುಂಟುಗೂ ಹೋಗುತ್ತಲ್ಲ, ತಾಪತ್ರಯ ಅಲ್ಲಿ. ಎನ್‌ಟಿಎಫ್‌ಎಸ್ ಡಿಸ್ಕನ್ನು ವಿಂಡೋಸ್‌ನಿಂದ ಹಾಗೇ ಕಿತ್ತು ಲಿನಕ್ಸ್‌ಗೆ ಹಾಕಿದರೆ, ಇದು ಸರಿಯಾಗಿ ಮುಚ್ಚಿಲ್ಲ ಅಂತ ಲಿನಕ್ಸ್ ಬರೆಯಲು ನಿರಾಕರಿಸುವುದುಂಟು, ಕೆಲವು ಸಲ ತೆರೆಯುವುದೂ ಇಲ್ಲ. ವಾಪಸ್ ವಿಂಡೋಸ್‌ಗೆ ಹಾಕಿ, ಎರರ್ ಚೆಕ್ ಮಾಡಿಸಿ, ಎಜೆಕ್ಟ್ ಮಾಡಿ ತಂದರೆ ದಾರಿಗೆ ಬರುತ್ತೆ.

ಮ್ಯಾಕ್‌ನಿಂದ ಬಂದ ಡ್ರೈವಿನಲ್ಲಿ ಇನ್ನೊಂದು ತಮಾಷೆ. ಟಿವಿಯಲ್ಲಿ ಹಾಕಿದರೆ ಪ್ರತಿ ವಿಡಿಯೊ ಎರಡೆರಡು ಕಾಣುತ್ತೆ. ಒಂದು ಓಡುತ್ತೆ, ಇನ್ನೊಂದು ಓಡಲ್ಲ. ಓಡದ ಫೈಲಿನ ಹೆಸರು ಚುಕ್ಕಿ ಮತ್ತು ಅಡಿಗೆರೆಯಿಂದ ಶುರುವಾಗಿರುತ್ತೆ, ಗಾತ್ರ ಬರೀ ಕೆಲವು ಕೆಬಿ. ವೈರಸ್ ಅಂತ ಹೆದರುವವರಿದ್ದಾರೆ. ಅದು ಮ್ಯಾಕ್ ತನ್ನ ಟಿಪ್ಪಣಿಗಳನ್ನು ಬರೆದಿಟ್ಟುಕೊಂಡ ಚೀಟಿ. ಅಳಿಸಿದರೂ ನಿಮ್ಮ ವಿಡಿಯೊಗೆ ಏನೂ ಆಗಲ್ಲ. ಲಿನಕ್ಸ್‌ನಿಂದ ಬರುವ ಫೈಲಿನ ತಕರಾರು ಬೇರೆ ಥರ. ಅಲ್ಲಿ ಫೈಲಿನ ಹೆಸರಿನಲ್ಲಿ ಕೋಲನ್, ಪ್ರಶ್ನಾರ್ಥಕ ಚಿಹ್ನೆ ಎಲ್ಲ ಹಾಕಬಹುದು. ವಿಂಡೋಸ್‌ನಲ್ಲಿ, ಎಕ್ಸ್‌ಫ್ಯಾಟ್‌ನಲ್ಲಿ ಅವು ನಿಷಿದ್ಧ. 'ಅಂಕ 2: ರಾಯಭಾರ' ಅಂತ ಹೆಸರಿಟ್ಟರೆ ಕಾಪಿ ಆಗಲ್ಲ. ಕೋಲನ್ ತೆಗೆದರೆ ಆಗುತ್ತೆ. ಕನ್ನಡದಲ್ಲಿ ಹೆಸರಿಡಲು ಮಾತ್ರ ಮೂರೂ ಕಡೆ ಏನೂ ಅಡ್ಡಿ ಇಲ್ಲ, ಧಾರಾಳವಾಗಿ ಇಡಿ.

ಟ್ರ್ಯಾಕ್ಟರ್, ಆಟೊ, ಹಳೇ ಕಾರಿನ ಸೆಟ್ಟುಗಳದ್ದು ಹಳೇ ಕಾಲ. ಅವುಗಳಲ್ಲಿ ಹೆಚ್ಚಿನವಕ್ಕೆ ಫ್ಯಾಟ್32 ಬಿಟ್ಟು ಬೇರೆ ಗೊತ್ತಿಲ್ಲ. 32 ಜಿಬಿಗಿಂತ ದೊಡ್ಡ ಡ್ರೈವನ್ನು ವಿಂಡೋಸ್‌ನ ಮಾಮೂಲಿ ಫಾರ್ಮ್ಯಾಟ್ ಕಿಟಕಿ ಫ್ಯಾಟ್32 ಮಾಡಿಕೊಡಲ್ಲ. ಹಾಗಾಗಿ ಉಳುಮೆ ಮಾಡುತ್ತಾ ಹಾಡು ಕೇಳಲು 16 ಅಥವಾ 32 ಜಿಬಿಯದು ಸಾಕು, ದೊಡ್ಡದು ಕೊಂಡು ಫಜೀತಿ ಪಡಬೇಡಿ.

ಇಷ್ಟೆಲ್ಲ ಬರೆಯುವ ಅಗತ್ಯ ಯಾಕೆ ಬಂತು ಅಂದರೆ, ಒಂದು ನಾಟಕ ತಂಡಕ್ಕೆ ಆದ ಅನ್ಯಾಯ. ಈಚೆಗೆ ಗ್ರಾಮೀಣ ತಂಡಗಳಿಗೆ ಒಂದು ಸ್ಪರ್ಧೆ ಇತ್ತು. ಯಾರು ನಡೆಸಿದರು ಅನ್ನೋದು ಇಲ್ಲಿ ಬೇಡ, ಇಂಥದ್ದು ಎಲ್ಲ ಕಡೆ ಆಗುತ್ತೆ. ನಾಟಕದ ವಿಡಿಯೊ ಮತ್ತು ತಂಡದ ವಿವರವನ್ನು ಪೆನ್‌ಡ್ರೈವ್‌ನಲ್ಲಿ ಸಲ್ಲಿಸತಕ್ಕದ್ದು ಅಂತ ಪ್ರಕಟಣೆಯಲ್ಲಿತ್ತು. ಅಷ್ಟೇ ಇತ್ತು. ವಿಡಿಯೊ ನಾನು ತೆಗೆದದ್ದು. ತಂಡದವರೊಬ್ಬರ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಒಳ್ಳೆ ಮನಸ್ಸಿನಿಂದ ತಾನೇ ಎಡಿಟ್ ಮಾಡಿ, ಹೊಸ ಪೆನ್‌ಡ್ರೈವ್ ಕೊಂಡು, ತನ್ನ ಮ್ಯಾಕ್‌ಬುಕ್‌ನಲ್ಲಿ ಎಪಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ ಹಾಕಿಕೊಟ್ಟ. ಅವನ ಕಂಪ್ಯೂಟರಿನಲ್ಲಿ ಚೆನ್ನಾಗಿ ಓಡುತ್ತಿತ್ತು. ತಂಡದವರು ತುಮಕೂರಿಗೆ ಬಸ್ ಹತ್ತಿ ಹೋಗಿ ಸ್ವೀಕೃತಿ ಪಡೆದು ಬಂದರು.

ಕೆಲವು ದಿನ ಬಿಟ್ಟು ಅರ್ಜಿ ತಿರಸ್ಕಾರ ಆಯಿತು. ಕಾರಣ, ಪೆನ್‌ಡ್ರೈವ್ ಖಾಲಿ. ಡ್ರೈವ್ ವಾಪಸ್ ತಂದು ನನಗೆ ತೋರಿಸಿದರು. ನಿಜವಾಗಿಯೂ ಖಾಲಿ ಇತ್ತು. ಆದರೆ ಎಪಿಎಫ್‌ಎಸ್ ಇರಲಿಲ್ಲ, ಫ್ಯಾಟ್32 ಆಗಿತ್ತು. ಅಲ್ಲಿ ಯಾರೋ ಆ ಪ್ರಶ್ನೆಗೆ ಹೂಂ ಅಂದಿದ್ದಾರೆ. ಬೇಕಂತ ಮಾಡಿದ್ದಲ್ಲ, ಆ ನೌಕರರಿಗೆ ಯಾರೂ ಹೇಳಿಕೊಟ್ಟಿಲ್ಲ. ವಿಡಿಯೊದ ಮೂಲ ನನ್ನ ಹತ್ತಿರ ಇತ್ತು, ಹಾಗಾಗಿ ನಾಟಕ ಉಳಿಯಿತು. ಕೊನೆಯ ದಿನಾಂಕ ಮಾತ್ರ ದಾಟಿಹೋಗಿತ್ತು.

ಅದು ತೆರೆದಿದ್ದರೂ ಇನ್ನೊಂದು ಗಂಡಾಂತರ ಕಾದಿತ್ತು ಅನ್ನಿ. ತಂಡದ ವಿವರವನ್ನು ಪಾತ್ರವರ್ಗದ ಸಮೇತ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ್ದರು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆ ಮೇಲೆ ಗೀಟು, ಚುಕ್ಕಿ, ಟೋಪಿ. ಭೀಮಸೇನ ಯಾರು, ಶಕುನಿ ಯಾರು ಒಂದೂ ತಿಳಿಯಲ್ಲ. ಹಳೇ ನುಡಿ, ಬರಹ ಫಾಂಟುಗಳಲ್ಲಿ ಫೈಲಿನೊಳಗೆ ಇರೋದು ಇಂಗ್ಲಿಷಿನ ಸಂಕೇತಗಳೇ, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕುತ್ತೆ. ವೇಷ ಜೊತೆಗೆ ಹೋಗದಿದ್ದರೆ ಬಣ್ಣ ಕಳಚುತ್ತೆ. ಕನ್ನಡ ಅಕ್ಷರಕ್ಕೆ ಅದರದೇ ಸಂಕೇತ ಇರುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಈ ಗೋಳಿಲ್ಲ. ವಿಂಡೋಸ್‌ನ ನಿರ್ಮಲಾ, ಮ್ಯಾಕ್‌ನ ಕನ್ನಡ ಸಂಗಮ್, ಲಿನಕ್ಸ್‌ನ ಲೋಹಿತ್ ಅಥವಾ ನೋಟೊ, ಯಾವುದರಲ್ಲಾದರೂ ಸರಿಯಾಗಿ ಕಾಣುತ್ತೆ. ಹಳೇ ಫೈಲಾದರೆ ಪಿಡಿಎಫ್ ಮಾಡಿ ಕೊಡಿ, ಫಾಂಟ್ ಅದರೊಳಗೇ ಕೂತು ಬರುತ್ತೆ.

ನನ್ನ ಕೋರಿಕೆ ಇಷ್ಟೇ. ಕಚೇರಿಗಳು, ಅಕಾಡೆಮಿಗಳು, ಕಾಲೇಜುಗಳು, ಸ್ಪರ್ಧೆ ನಡೆಸುವ ಸಂಘಗಳು ಯಾರೇ ಆಗಲಿ, ಪೆನ್‌ಡ್ರೈವ್‌ನಲ್ಲಿ ಕೊಡಿ ಅಂತ ಬರೆಯುವಾಗ ಕೆಳಗೆ ಇನ್ನೊಂದು ಸಾಲು ಸೇರಿಸಲಿ: ಪೆನ್‌ಡ್ರೈವ್ ಎಕ್ಸ್‌ಫ್ಯಾಟ್‌ನಲ್ಲಿರಲಿ, ವಿಡಿಯೊ ಎಂಪಿ4 ಆಗಿರಲಿ, ಬರಹ ಯೂನಿಕೋಡ್ ಅಥವಾ ಪಿಡಿಎಫ್ ಆಗಿರಲಿ. ತಗೊಳ್ಳುವಾಗಲೇ, ಕೊಟ್ಟವರ ಎದುರಿಗೇ ಒಂದು ಸಲ ತೆರೆದು ನೋಡಲಿ. ತೆರೆಯದಿದ್ದರೆ ಖಾಲಿ ಅಂತ ಷರಾ ಬರೆಯುವ ಮೊದಲು ಒಂದು ಫೋನ್ ಮಾಡಲಿ, ಅರ್ಜಿಯಲ್ಲಿ ನಂಬರ್ ಇರುತ್ತಲ್ಲ. ಡ್ರೈವ್ ಯಾವ ಫಾರ್ಮ್ಯಾಟ್ ಅಂತ ನೋಡಲು ಪಂಡಿತರೇನೂ ಆಗಬೇಕಿಲ್ಲ. ವಿಂಡೋಸ್‌ನಲ್ಲಿ ಡ್ರೈವ್ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್‌ಗೆ ಹೋದರೆ ಫೈಲ್ ಸಿಸ್ಟಮ್ ಅಂತ ಬರೆದಿರುತ್ತೆ. ಮ್ಯಾಕ್‌ನಲ್ಲಿ ಗೆಟ್ ಇನ್ಫೋ, ಉಬುಂಟುವಿನಲ್ಲಿ ಡಿಸ್ಕ್ಸ್ ಅನ್ನೋ ಪ್ರೋಗ್ರಾಂ.

ಅಂಗಡಿಯವರಿಗೂ ಒಂದು ಮಾತು. ಎಷ್ಟು ಜಿಬಿ ಬೇಕು ಅಂತ ಕೇಳುತ್ತೀರಿ, ಯಾವುದಕ್ಕೆ ಹಾಕುತ್ತೀರಿ ಅಂತಲೂ ಕೇಳಿ. ಟ್ರ್ಯಾಕ್ಟರಿಗೋ, ಮ್ಯಾಕ್‌ಗೋ, ಶಾಲೆಯ ಉಬುಂಟುಗೋ. ಖಾಲಿ ಇರುವಾಗಲೇ ಫಾರ್ಮ್ಯಾಟ್ ಮಾಡಿಕೊಟ್ಟರೆ ಅರ್ಧ ನಿಮಿಷದ ಕೆಲಸ. ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲೂ ಹೊಸ ಫೋನುಗಳ ಬಣ್ಣದ ಚಿತ್ರ ಒಂದು ವಾರ ಕಮ್ಮಿ ಮಾಡಿ ಇದನ್ನು ಹಾಕಿದರೆ ನಮ್ಮಂಥವರಿಗೆ ಉಪಕಾರ. ಜಾತ್ರೆ ಸೀಸನ್ ಶುರುವಾಗುವ ಮೊದಲೇ ಆದರೆ ಒಳ್ಳೇದು. ಆಮೇಲೆ ನನಗೆ ಪೇಪರ್ ಬಿಡಿಸಿ ನೋಡಲೂ ಪುರುಸೊತ್ತಿರಲ್ಲ.

ಇತಿ,
ಸ್ಟುಡಿಯೊ ನಡೆಸುವ ಒಬ್ಬ ಓದುಗ
ಗುಬ್ಬಿ, ತುಮಕೂರು ಜಿಲ್ಲೆ